ಎತ್ತೋದು ಬೇರೆ, ನಿಲ್ಲಿಸೋದು ಬೇರೆ: ಸಣ್ಣ ರೇಸ್ ಕಾರಿಗೆ ಜಾಕ್ ಹಚ್ಚುವ ಬಗೆ

ಕಳೆದ ತಿಂಗಳು ನನ್ನ ತಂಗಿಯ ಮಗ ಮತ್ತು ಅವನ ಗೆಳೆಯರು ತಾವು ಕಟ್ಟುತ್ತಿರುವ ಸಣ್ಣ ರೇಸ್ ಕಾರನ್ನು ಹುಬ್ಬಳ್ಳಿಯ ಗೋಕುಲ ರೋಡ್ ಹತ್ತಿರದ ಒಂದು ಶೆಡ್ಡಿಗೆ ತಂದಿದ್ದರು. ಹಿಂದಿನ ಗಾಲಿಯ ಬೇರಿಂಗ್ ಸದ್ದು ಮಾಡುತ್ತಿತ್ತು, ಬಿಚ್ಚಿ ನೋಡಬೇಕಿತ್ತು. ಶೆಡ್ಡಿನ ಮೆಕ್ಯಾನಿಕ್ ಮೂವತ್ತು ವರ್ಷದಿಂದ ಜೀಪು, ಟ್ರ್ಯಾಕ್ಟರು, ಲಾರಿ ಎತ್ತಿ ಇಳಿಸಿದವರು. ಅವರು ತಮ್ಮ ಟ್ರಾಲಿ ಜಾಕ್ ಉರುಳಿಸಿಕೊಂಡು ಬಂದರು. ಜಾಕ್ ಕಾರಿನ ಕೆಳಗೆ ಹೋಗಲೇ ಇಲ್ಲ. ಕಾರಿನ ಹೊಟ್ಟೆ ನೆಲದಿಂದ ನಾಲ್ಕು ಬೆರಳು ಕೂಡ ಮೇಲಿರಲಿಲ್ಲ. ಅವರು ಬಗ್ಗಿ ನೋಡಿ ಕೇಳಿದರು, "ಇದಕ್ಕ ಜಾಕ್ ಎಲ್ಲಿ ಹಚ್ಚೂದ್ರಿ ಮತ್ತ?"

ಬಹಳ ಸರಿಯಾದ ಪ್ರಶ್ನೆ. ನಮ್ಮ ಕಡೆಯ ಕಾಲೇಜು ಹುಡುಗರು, ಹುಡುಗಿಯರು ಇಂಥ ಕಾರು ಕಟ್ಟುತ್ತಿದ್ದಾರೆ. ಕಟ್ಟುವಾಗ ಓಣಿಯ ವೆಲ್ಡಿಂಗ್ ಶೆಡ್ಡು, ಲೇತ್ ಅಂಗಡಿ, ಗ್ಯಾರೇಜುಗಳಿಗೆ ಬರುತ್ತಾರೆ. ಕೆಲವೊಮ್ಮೆ ಮನೆಯ ಅಂಗಳದಲ್ಲೇ ಕೆಲಸ ಹಚ್ಚಿಕೊಳ್ಳುತ್ತಾರೆ. ಪಕ್ಕದಲ್ಲಿ ನಿಂತು ಕೈಹಿಡಿಯುವ ಅಪ್ಪ, ಮಾಮಾ, ಮೆಕ್ಯಾನಿಕ್ ಎಲ್ಲರಿಗೂ ಈ ವಿಷಯ ಗೊತ್ತಿರಬೇಕು. ಅದಕ್ಕೇ ಬುಡದಿಂದ ಬರೆಯುತ್ತಿದ್ದೇನೆ.

ಇದು ಎಂಥ ಕಾರು?

ವಿದ್ಯಾರ್ಥಿಗಳ ಸ್ಪರ್ಧೆಗಳಲ್ಲಿ 'ಫಾರ್ಮುಲಾ ಸ್ಟೂಡೆಂಟ್' ಅನ್ನೋದು ಒಂದು ಬಗೆ. ಒಬ್ಬರೇ ಕೂರುವ, ಮೇಲೆ ಚಾವಣಿ ಇಲ್ಲದ, ನಾಲ್ಕೂ ಗಾಲಿ ಹೊರಗೆ ಕಾಣುವ ಕಾರು. ನಮ್ಮ ದೇಶದಲ್ಲಿ ನಡೆಯುವ ಫಾರ್ಮುಲಾ ಭಾರತ್ ಈ ಬಗೆಯದೇ. ಅದಕ್ಕೆ ತಂಡಗಳು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಹೋಗುತ್ತವೆ. ಕೆಟಿಎಂ 390 ಬೈಕಿನ ಎಂಜಿನ್ ಹಾಕಿಕೊಳ್ಳುವ ತಂಡಗಳು ಬಹಳ. ಬ್ಯಾಟರಿ ಕಾರು ಕಟ್ಟುವವರೂ ಇದ್ದಾರೆ. ಗುಡ್ಡ ಹತ್ತುವ 'ಬಾಹಾ' ಕಾರು ಬೇರೆ ಜಾತಿ. ಅದು ನೆಲದಿಂದ ಎತ್ತರ ಇರುತ್ತದೆ, ಮಾಮೂಲಿ ಜಾಕ್ ಸಲೀಸಾಗಿ ಹೋಗುತ್ತದೆ.

ಫಾರ್ಮುಲಾ ಸ್ಟೂಡೆಂಟ್ ಕಾರಿನ ತೂಕ ಸಾಮಾನ್ಯವಾಗಿ 200ರಿಂದ 300 ಕೆಜಿ. ಎರಡು ಮೂರು ಸ್ಕೂಟರಿನಷ್ಟು, ಅಷ್ಟೇ. ಹಾಗಾಗಿ ಭಾರ ಎತ್ತೋದು ಇಲ್ಲಿ ದೊಡ್ಡ ಕೆಲಸ ಅಲ್ಲ. ತೊಂದರೆ ಬೇರೆ ಕಡೆ ಇದೆ. ಮನೆ ಕಾರಿನ ಹೊಟ್ಟೆ ನೆಲದಿಂದ 160-170 ಮಿಮೀ ಮೇಲಿದ್ದರೆ, ಇದರದ್ದು ಬರೀ 30ರಿಂದ 50 ಮಿಮೀ. ಮೈಯೆಲ್ಲ ತೆಳು ಕೊಳವೆ. ಕೆಳಗೆ ತೆಳು ತಗಡೋ ಫೈಬರ್ ಹಾಳೆಯೋ. ಕಂಡ ಕಂಡಲ್ಲಿ ಜಾಕ್ ಕೊಟ್ಟರೆ ಏನಾದರೊಂದು ಸೊಟ್ಟಗಾಗುತ್ತದೆ.

ಯಾಕೆ ಎತ್ತಬೇಕು ಅಂದರೆ, ಇದರ ಬಹುಪಾಲು ಕೆಲಸ ಗಾಲಿ ಗಾಳಿಯಲ್ಲಿ ಇದ್ದಾಗಲೇ ಆಗೋದು. ಟೈರ್ ಬದಲಿಸಬೇಕು, ಬ್ರೇಕ್ ನೋಡಬೇಕು. ಬೈಕಿನ ಹಾಗೆ ಇದಕ್ಕೂ ಚೈನ್ ಇರುತ್ತದೆ. ಅದರ ಬಿಗಿ ನೋಡಲು ಹಿಂದಿನ ಗಾಲಿ ತಿರುಗಿಸುತ್ತಾ ಹೋಗಬೇಕು. ಒಂದು ದಿನಕ್ಕೆ ಹತ್ತು ಹದಿನೈದು ಸಲ ಎತ್ತಿ ಇಳಿಸಿದರೂ ಅಚ್ಚರಿಯಿಲ್ಲ.

ಸ್ಕೂಟರಿನ ಡಬಲ್ ಸ್ಟ್ಯಾಂಡ್ ನೋಡಿದ್ದೀರಲ್ವಾ?

ನೂರು ಕೆಜಿ ದಾಟಿದ ಸ್ಕೂಟರನ್ನು ಹದಿನೆಂಟರ ಹುಡುಗಿ ಒಂದು ಕಾಲಲ್ಲಿ ತುಳಿದು ಡಬಲ್ ಸ್ಟ್ಯಾಂಡ್ ಹಾಕುತ್ತಾಳೆ. ಅದನ್ನು ತೋಳಲ್ಲಿ ಎತ್ತು ಅಂದರೆ ಪೈಲ್ವಾನನೂ ಒಂದು ಕ್ಷಣ ಯೋಚಿಸುತ್ತಾನೆ. ಇದು ಹೇಗೆ ಆಗುತ್ತದೆ?

ಎರಡು ಸಂಗತಿ ಸೇರಿವೆ. ಮೊದಲನೆಯದು ಹಾರೆಯ ಕೆಲಸ. ಹೊಲದ ಕಲ್ಲು ಎಬ್ಬಿಸುವಾಗ ಹಾರೆಯ ಕೆಳಗೆ ಸಣ್ಣ ಕಲ್ಲು ಇಟ್ಟು ಇನ್ನೊಂದು ತುದಿ ಒತ್ತುತ್ತೇವೆ. ನಮ್ಮ ಕಡೆ ಹಾರೆ ಉದ್ದ, ಕಲ್ಲಿನ ಕಡೆ ಗಿಡ್ಡ. ಉದ್ದ ಎಷ್ಟು ಪಟ್ಟು ಜಾಸ್ತಿಯೋ, ಬಲ ಅಷ್ಟು ಪಟ್ಟು ಜಾಸ್ತಿ. ಬದಲಿಗೆ ನಮ್ಮ ಕೈ ಅಷ್ಟೇ ಪಟ್ಟು ಹೆಚ್ಚು ದೂರ ಹೋಗಬೇಕು. ಎರಡನೆಯದು ಇನ್ನೂ ಚೆಂದದ್ದು. ಸ್ಟ್ಯಾಂಡಿನ ಕಾಲು ನೇರ ನಿಂತ ಜಾಗದಿಂದ ಒಂಚೂರು ಮುಂದೆ ದಾಟಿ ನಿಲ್ಲುತ್ತದೆ. ಒಮ್ಮೆ ದಾಟಿತೆಂದರೆ ಸ್ಕೂಟರಿನ ಭಾರವೇ ಸ್ಟ್ಯಾಂಡನ್ನು ಹಿಡಿದುಕೊಳ್ಳುತ್ತದೆ. ಮತ್ತೆ ಇಳಿಸಬೇಕಾದರೆ ಮುಂದೆ ದೂಡಬೇಕು.

ರೇಸ್‌ನಲ್ಲಿ 'ಕ್ವಿಕ್ ಜಾಕ್' ಅಂತ ಕರೆಯೋದು ಹೆಚ್ಚು ಕಡಿಮೆ ಇದನ್ನೇ. ಉದ್ದ ಹಿಡಿಕೆ, ಕೆಳಗೆ ಎರಡು ಗಾಲಿ, ತುದಿಯಲ್ಲಿ ಕಾರನ್ನು ಹಿಡಿಯುವ ಕೊಕ್ಕೆ. ಕಾರಿನ ಹಿಂದೆ ತಂದು ಕೊಕ್ಕೆ ಸಿಕ್ಕಿಸಿ ಹಿಡಿಕೆ ಕೆಳಕ್ಕೆ ಎಳೆದರೆ ಕಾರಿನ ಬೆನ್ನು ಏಳುತ್ತದೆ. ಚೆನ್ನಾಗಿ ಮಾಡಿದ ಜಾಕ್ ಆದರೆ ಡಬಲ್ ಸ್ಟ್ಯಾಂಡಿನ ಹಾಗೇ ಗಡಿ ದಾಟಿ ಕೂರುತ್ತದೆ.

ಲೆಕ್ಕ ಹಾಕಿ ನೋಡೋಣ. ಕಾರು 250 ಕೆಜಿ ಅನ್ನಿ, ಅದರಲ್ಲಿ ಹಿಂದಿನ ಗಾಲಿಗಳ ಮೇಲೆ 135 ಕೆಜಿ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ 155 ಸೆಂಮೀ. ಜಾಕ್ ಹಿಡಿಯುವ ಜಾಗ ಹಿಂದಿನ ಗಾಲಿಗಿಂತ ಇನ್ನೂ 35 ಸೆಂಮೀ ಹಿಂದಿದೆ. ದೂರದಿಂದ ಎತ್ತಿದಷ್ಟೂ ಭಾರ ಕಡಿಮೆ. ಹಾಗಾಗಿ ಜಾಕ್ ಮೇಲೆ ಬೀಳೋದು ಸುಮಾರು 110 ಕೆಜಿ ಮಾತ್ರ. ಹಿಡಿಕೆಯ ಕಡೆ 120 ಸೆಂಮೀ, ಕೊಕ್ಕೆಯ ಕಡೆ 15 ಸೆಂಮೀ ಇದ್ದರೆ ಎಂಟು ಪಟ್ಟು ಬಲ ಸಿಕ್ಕಿತು. ಕೈಗೆ ಬರೋದು 14 ಕೆಜಿ. ಒಂದು ಬಕೆಟ್ ನೀರು ಎತ್ತಿದಷ್ಟು.

ಆದರೆ ಗಾಲಿ ತಕ್ಷಣ ನೆಲ ಬಿಡೋದಿಲ್ಲ. ಡಬಲ್ ಸ್ಟ್ಯಾಂಡ್ ಹಾಕುವಾಗ ಸ್ಕೂಟರಿನ ಹಿಂದಿನ ಗಾಲಿ ನೋಡಿ. ಮೈ ಮೇಲೇಳುತ್ತದೆ, ಶಾಕ್ ಅಬ್ಸಾರ್ಬರ್ ಉದ್ದ ಆಗುತ್ತದೆ, ಗಾಲಿ ಜೋತು ಬೀಳುತ್ತದೆ. ರೇಸ್ ಕಾರಿನಲ್ಲೂ ಸ್ಪ್ರಿಂಗ್ ಪೂರ್ತಿ ಹಿಗ್ಗುವವರೆಗೆ ಗಾಲಿ ನೆಲದಲ್ಲೇ ಇರುತ್ತದೆ. ಅದಾದ ಮೇಲೆ ಎತ್ತಿದ್ದೇ ನಿಜವಾದ ಎತ್ತರ. ಮನೆಯಲ್ಲೇ ಜಾಕ್ ಮಾಡಿಕೊಳ್ಳುವವರು ಈ ಲೆಕ್ಕ ಮರೆತು ಗಿಡ್ಡ ಜಾಕ್ ವೆಲ್ಡ್ ಮಾಡಿಸಿಬಿಡುತ್ತಾರೆ.

ಕಿತ್ತಳೆ ಬಣ್ಣದ ಕೊಳವೆ

ಮೆಕ್ಯಾನಿಕ್ ಕೇಳಿದ ಪ್ರಶ್ನೆಗೆ ಸ್ಪರ್ಧೆಯ ನಿಯಮವೇ ಒಂದು ಉತ್ತರ ಕೊಟ್ಟಿದೆ. ಫಾರ್ಮುಲಾ ಸ್ಟೂಡೆಂಟ್ ಕಾರಿನ ತೀರಾ ಹಿಂದುಗಡೆ ಅಡ್ಡಕ್ಕೆ ಒಂದು ದುಂಡು ಕೊಳವೆ ಇರಲೇಬೇಕು. ದಪ್ಪ ಸುಮಾರು 25 ಮಿಮೀ. ಅದಕ್ಕೆ ಕಿತ್ತಳೆ ಬಣ್ಣ ಬಳಿದಿರಬೇಕು. ಕೆಳಗಿನ ಅರ್ಧ ಭಾಗಕ್ಕೆ ಏನೂ ಅಡ್ಡ ಬರಬಾರದು. ಕೊಳವೆಯ ತಳಕ್ಕೂ ನೆಲಕ್ಕೂ ಕನಿಷ್ಠ 75 ಮಿಮೀ ಜಾಗ ಇರಬೇಕು. ಆ ತಳ ನೆಲದಿಂದ 200 ಮಿಮೀ ಮೇಲೆ ಬಂದಾಗ ಹಿಂದಿನ ಗಾಲಿಗಳು, ಪೂರ್ತಿ ಜೋತು ಬಿದ್ದಿದ್ದರೂ, ನೆಲ ಮುಟ್ಟಬಾರದು. ಮೇಲೆ ಹೇಳಿದ ಸ್ಪ್ರಿಂಗಿನ ಲೆಕ್ಕ ನಿಯಮದೊಳಗೇ ಕೂತಿದೆ ನೋಡಿ.

ಇಷ್ಟು ಕಟ್ಟುನಿಟ್ಟು ಯಾಕೆ? ಟ್ರ್ಯಾಕಿನಲ್ಲಿ ಕಾರು ಕೆಟ್ಟು ನಿಂತರೆ ಅದನ್ನು ಎತ್ತುವವರು ಆಯೋಜಕರ ಕಡೆಯ ಜನ. ಅವರು ಆ ಕಾರನ್ನು ಹಿಂದೆಂದೂ ನೋಡಿರುವುದಿಲ್ಲ. ಎಲ್ಲಿ ಹಿಡಿಯಬೇಕು ಅಂತ ಹುಡುಕುತ್ತಾ ಕೂರೋಕೆ ಸಮಯವೂ ಇಲ್ಲ. ಯಾವ ತಂಡದ ಕಾರೇ ಬರಲಿ, ಅದೇ ಜಾಕ್ ಅದೇ ಜಾಗಕ್ಕೆ ಸಿಗಬೇಕು.

ನಿಮ್ಮ ಶೆಡ್ಡಿಗೆ ಇಂಥ ಕಾರು ಬಂದರೆ ಮೊದಲು ಆ ಕೊಳವೆ ಹುಡುಕಿ. ಮುಂದಿನ ಭಾಗ ಎತ್ತಬೇಕಾದರೆ ಕೊಳವೆಗಳು ಕೂಡುವ ಜಾಗ ಹಿಡಿಯಿರಿ. ನಾಲ್ಕು ಕೊಳವೆ ಒಂದೆಡೆ ಸೇರಿ ವೆಲ್ಡ್ ಆದ ಗಂಟು ಭಾರವನ್ನು ನಾಲ್ಕು ಕಡೆಗೆ ಹಂಚುತ್ತದೆ. ಎರಡು ಗಂಟುಗಳ ನಡುವಿನ ಕೊಳವೆಗೆ ಜಾಕ್ ಕೊಟ್ಟರೆ ಅದು ಬಾಗುತ್ತದೆ. ಈ ಕೊಳವೆಗಳ ಗೋಡೆ ಒಂದರಿಂದ ಎರಡೂವರೆ ಮಿಮೀ ದಪ್ಪ, ಅಷ್ಟೇ. ಹೊರಸು ಎತ್ತುವಾಗ ಕಾಲು ಕೂಡುವ ಮೂಲೆ ಹಿಡಿದು ಎತ್ತುತ್ತೀರಿ, ನಡುವಿನ ಹಗ್ಗ ಹಿಡಿದು ಎತ್ತೋದಿಲ್ಲ. ಇದೂ ಹಾಗೇ.

ಗಾಲಿಗೂ ಮೈಗೂ ನಡುವೆ ಇರುವ ಸಣ್ಣ ಸಣ್ಣ ಕಡ್ಡಿಗಳಿಗಂತೂ ಜಾಕ್ ಮುಟ್ಟಿಸಲೇಬೇಡಿ. ಅವು ಸಸ್ಪೆನ್ಶನ್ ತೋಳುಗಳು. ಉದ್ದುದ್ದಕ್ಕೆ ಎಳೆತ, ಒತ್ತಡ ಚೆನ್ನಾಗಿ ತಡೆಯುತ್ತವೆ. ಅಡ್ಡ ಬಲ ತಡೆಯೋದಿಲ್ಲ. ಜೋಳದ ದಂಟು ನಿಂತಾಗ ತೆನೆ ಹೊರುತ್ತದೆ. ಮೊಣಕಾಲಿಗೆ ಅಡ್ಡ ಕೊಟ್ಟರೆ ಲಟ್ಟನೆ ಮುರಿಯುತ್ತದೆ. ತೋಳು ಕಣ್ಣಿಗೆ ಕಾಣದಷ್ಟು ಬಾಗಿದರೂ ಗಾಲಿಯ ಕೋನ ಕೆಡುತ್ತದೆ. ಮಕ್ಕಳು ವಾರಗಟ್ಟಲೆ ಕೂತು ಹೊಂದಿಸಿದ್ದು ಹಾಳಾಗುತ್ತದೆ.

ಎಣ್ಣೆ ಜಾಕ್ ಯಾಕೆ ಕಾವಲಿಗಲ್ಲ

ಗ್ಯಾರೇಜಿನ ಬಾಟಲ್ ಜಾಕ್, ಟ್ರಾಲಿ ಜಾಕ್ ಎರಡರ ಒಳಗೂ ಎಣ್ಣೆ ಇದೆ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ 17ನೇ ಶತಮಾನದಲ್ಲಿ ಹೇಳಿದ ನಿಯಮ ಇದರ ಬುಡ. ಮುಚ್ಚಿದ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆ. ಸಣ್ಣ ಪಿಸ್ಟನ್ನಿನಲ್ಲಿ ಒತ್ತಿದ ಒತ್ತಡ ದೊಡ್ಡ ಪಿಸ್ಟನ್ನಿಗೂ ಸಿಗುತ್ತದೆ. ದೊಡ್ಡದರ ಅಗಲ ಮೂರು ಪಟ್ಟು ಇದ್ದರೆ ಅದರ ಮುಖದ ವಿಸ್ತಾರ ಒಂಬತ್ತು ಪಟ್ಟು. ಆದ್ದರಿಂದ ಬಲ ಒಂಬತ್ತು ಪಟ್ಟು. ಅದರ ಜತೆ ಪಂಪಿನ ಹಿಡಿಕೆ ಬೇರೆ ಹಾರೆಯ ಕೆಲಸ ಮಾಡುತ್ತದೆ. ಹೀಗೆ ಒಬ್ಬ ಹುಡುಗ ಲಾರಿ ಎತ್ತುತ್ತಾನೆ.

ಆದರೆ ಎತ್ತಿದ ಮೇಲೆ ಆ ಭಾರವನ್ನು ಹಿಡಿದಿರೋದು ಏನು? ಒಂದು ರಬ್ಬರ್ ಸೀಲು, ಒಂದು ಸಣ್ಣ ವಾಲ್ವು. ಸೀಲು ಹಳೆಯದಾದರೆ ಎಣ್ಣೆ ಸೋರಿ ಜಾಕ್ ಮೆಲ್ಲಗೆ ಕೂರುತ್ತದೆ. ವಾಲ್ವಿಗೆ ಕಸ ಸಿಕ್ಕರೆ ಒಮ್ಮೆಲೇ ಕೂರುತ್ತದೆ. ಹೊರಗಿನಿಂದ ನೋಡಿ ಇದನ್ನು ಹೇಳೋಕೆ ಆಗೋದಿಲ್ಲ. ಅದಕ್ಕೇ ಜಾಕ್ ಎತ್ತಲಿಕ್ಕೆ, ಸ್ಟ್ಯಾಂಡ್ ನಿಲ್ಲಿಸಲಿಕ್ಕೆ. ಕಾರಿನ ಕೆಳಗೆ ಕೈ ಹೋಗುವ ಮೊದಲು ಕಬ್ಬಿಣದ ಸ್ಟ್ಯಾಂಡ್ ಹೋಗಬೇಕು. ಈ ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡಿ ಅಂದರೆ ನಾನು ಇದನ್ನೇ ಹೇಳೋದು.

ಹುಬ್ಬಳ್ಳಿಯವರಿಗೆ ರೈಲ್ವೆ ವರ್ಕ್‌ಶಾಪ್ ಗೊತ್ತು. ಮನೆಗೊಬ್ಬರು ಅಲ್ಲದಿದ್ದರೂ ಓಣಿಗೊಬ್ಬರು ಅಲ್ಲಿ ಕೆಲಸ ಮಾಡಿದವರು ಸಿಗುತ್ತಾರೆ. ರೈಲ್ವೆ ವರ್ಕ್‌ಶಾಪ್‌ಗಳಲ್ಲಿ ಡಬ್ಬಿಯನ್ನು ಕ್ರೇನಿನಿಂದಲೋ, ನಾಲ್ಕು ಮೂಲೆಗೆ ಇಟ್ಟು ಒಟ್ಟಿಗೆ ಏರುವ ಜಾಕುಗಳಿಂದಲೋ ಎತ್ತುತ್ತಾರೆ. ಗಾಲಿಯ ಭಾಗ ಹೊರಗೆ ಹೋದ ಮೇಲೆ ಡಬ್ಬಿಯನ್ನು ದಪ್ಪ ಸ್ಟ್ಯಾಂಡುಗಳ ಮೇಲೆ ಕೂರಿಸುತ್ತಾರೆ. ಹತ್ತಾರು ಟನ್ನಿನ ಡಬ್ಬಿಗೂ, 250 ಕೆಜಿಯ ಕಾರಿಗೂ ಪದ್ಧತಿ ಒಂದೇ.

ಟ್ರಾಲಿ ಜಾಕಿಗೆ ಇನ್ನೊಂದು ಗುಣ ಇದೆ. ಅದರ ತೋಳು ನೇರ ಮೇಲಕ್ಕೆ ಹೋಗೋದಿಲ್ಲ, ಬಾಗಿಲು ತೆರೆದ ಹಾಗೆ ಕಮಾನಿನಲ್ಲಿ ಹೋಗುತ್ತದೆ. ಎತ್ತುತ್ತಾ ಹೋದಂತೆ ಜಾಕ್ ತಾನೇ ಉರುಳಿ ಕಾರಿನ ಕೆಳಗೆ ಸರಿಯಬೇಕು. ಅದಕ್ಕೇ ಅದರ ಕಾಲಿಗೆ ಗಾಲಿ. ಗಾರೆ ನೆಲದಲ್ಲಿ ಇದು ತಂತಾನೇ ಆಗುತ್ತದೆ. ಮಣ್ಣಲ್ಲಿ ಆ ಸಣ್ಣ ಗಾಲಿಗಳು ಹೂತುಕೊಳ್ಳುತ್ತವೆ. ಜಾಕ್ ಸರಿಯೋದಿಲ್ಲ, ಬದಲಿಗೆ ಅದರ ತಲೆ ಕಾರಿನಿಂದ ಜಾರುತ್ತದೆ.

ಗೇರಿನಲ್ಲಿ ಬಿಟ್ಟರೆ ಸಾಲದು

ಮನೆ ಕಾರಿನಲ್ಲಿ ಟೈರ್ ಬದಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದು ಗೇರಿಗೆ ಹಾಕಿ ಬಿಡುತ್ತೇವೆ. ಈ ಕಾರಿಗೆ ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಇರೋದಿಲ್ಲ. ಗೇರ್ ಇದೆ, ಆದರೆ ಅದು ಹಿಡಿಯೋದು ಹಿಂದಿನ ಗಾಲಿಗಳನ್ನು. ಹಿಂಭಾಗ ಎತ್ತಿದ ತಕ್ಷಣ ಆ ಗಾಲಿಗಳು ಗಾಳಿಯಲ್ಲಿ! ನೆಲದಲ್ಲಿ ಉಳಿದ ಮುಂದಿನ ಎರಡು ಗಾಲಿಗಳು ಸ್ವತಂತ್ರವಾಗಿ ಉರುಳುತ್ತವೆ. ಹಾಗಾಗಿ ಎತ್ತುವ ಮೊದಲೇ ಮುಂದಿನ ಗಾಲಿಗಳ ಹಿಂದೂ ಮುಂದೂ ಕಟ್ಟಿಗೆ ತುಂಡು ಕೊಡಬೇಕು. ಎತ್ತಿದ ಮೇಲೆ ಕೊಡೋದಲ್ಲ.

ನಾನೇ ಕಂಡ ಒಂದು ಘಟನೆ ಹೇಳುತ್ತೇನೆ. ಊರಿನ ಹೆಸರು, ಶೆಡ್ಡಿನ ಹೆಸರು ಬೇಡ. ಅಲ್ಲಿಯ ನೆಲಕ್ಕೆ ನೀರು ಹರಿಯಲಿ ಅಂತ ಸ್ವಲ್ಪ ಇಳಿಜಾರು ಕೊಟ್ಟಿದ್ದರು, ಕಣ್ಣಿಗೆ ಕಾಣದಷ್ಟು. ಹುಡುಗರು ಹಿಂಭಾಗ ಎತ್ತಿ ಒಂದು ಸ್ಟ್ಯಾಂಡ್ ಇಟ್ಟರು, ಎರಡನೆಯದನ್ನು ತರಲು ಒಬ್ಬ ಹೋದ. ಕಾರು ಒಂದು ಗೇಣು ಮುಂದಕ್ಕೆ ಉರುಳಿತು. ಸ್ಟ್ಯಾಂಡ್ ಮಗುಚಿ ಕಾರು ಕೆಳಗೆ ಬಿತ್ತು, ತಳದ ಹಾಳೆ ಸೀಳಿತು. ಯಾರ ಕೈಯೂ ಒಳಗಿರಲಿಲ್ಲ. ಕಾರು ಬಿದ್ದ ಆ ಸದ್ದು ನನಗೆ ಇನ್ನೂ ನೆನಪಿದೆ.

ಗೇರಿನದೇ ಇನ್ನೊಂದು ಅಪಾಯ. ಒಂದೇ ಹಿಂದಿನ ಗಾಲಿ ಎತ್ತಿ, ಇನ್ನೊಂದು ನೆಲದಲ್ಲಿದ್ದಾಗ ಎಂಜಿನ್ ಶುರು ಮಾಡಿ ಗೇರ್ ಹಾಕಬಾರದು. ಎರಡು ಗಾಲಿಗೆ ಬಲ ಹಂಚುವ ಡಿಫರೆನ್ಶಿಯಲ್ ರೇಸ್ ಕಾರಿನಲ್ಲಿ ಎರಡನ್ನೂ ಒಟ್ಟಿಗೆ ತಿರುಗಿಸಲು ನೋಡುತ್ತದೆ. ನೆಲದಲ್ಲಿರುವ ಗಾಲಿ ಕಾರನ್ನು ಸ್ಟ್ಯಾಂಡಿನಿಂದ ಎಳೆದು ಹಾಕುತ್ತದೆ. ತಿರುಗಿಸಿ ನೋಡಬೇಕಾದರೆ ಎರಡೂ ಗಾಲಿ ಮೇಲಿರಲಿ. ಬ್ಯಾಟರಿ ಕಾರಿಗೂ ಇದೇ ಮಾತು.

ಮೂರು ಕಲ್ಲಿನ ಒಲೆ, ಮತ್ತು ಚಕ್ಕಡಿಯ ನೊಗ

ಹೊಲದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡುತ್ತೇವೆ. ನೆಲ ಎಷ್ಟೇ ಏರುಪೇರಿದ್ದರೂ ಪಾತ್ರೆ ಅಲುಗಾಡೋದಿಲ್ಲ. ನಾಲ್ಕು ಕಲ್ಲಿಟ್ಟರೆ ಒಂದು ಯಾವಾಗಲೂ ಖಾಲಿ ನಿಲ್ಲುತ್ತದೆ, ಪಾತ್ರೆ ಕುಲುಕುತ್ತದೆ. ಸ್ಟ್ಯಾಂಡ್ ಆರಿಸುವಾಗ ಇದು ಉಪಯೋಗಕ್ಕೆ ಬರುತ್ತದೆ. ನೆಲ ಸಮ ಇಲ್ಲದಿದ್ದರೆ ಮೂರು ಕಾಲಿನ ಸ್ಟ್ಯಾಂಡ್ ಕುಲುಕೋದಿಲ್ಲ. ಆದರೆ ಓರೆಯಾಗಿ ದೂಡಿದರೆ ಬೇಗ ಮಗುಚುತ್ತದೆ. ನೆಲ ಸಮ ಇದ್ದರೆ ಅಗಲ ಬುಡದ ನಾಲ್ಕು ಕಾಲಿನದೇ ಮೇಲು.

ಇಡೀ ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಕೂರಿಸಿದಾಗ ಲೆಕ್ಕ ಬದಲಾಗುತ್ತದೆ. ಚಕ್ಕಡಿಗೆ ಹೇರು ಹೇರುವವರಿಗೆ ಇದು ಚೆನ್ನಾಗಿ ಗೊತ್ತು. ಹಿಂದೆ ಭಾರ ಜಾಸ್ತಿಯಾದರೆ ನೊಗ ಆಕಾಶ ನೋಡುತ್ತದೆ. ಮುಂದೆ ಜಾಸ್ತಿಯಾದರೆ ಎತ್ತಿನ ಹೆಗಲಿಗೆ ಕುತ್ತು. ಈ ಕಾರಿನ ಎಂಜಿನ್ ಹಿಂದೆ ಇದೆ. ಸ್ಟ್ಯಾಂಡುಗಳನ್ನು ನಡುವಿಗೆ ಹತ್ತಿರ ಇಟ್ಟು ಎಂಜಿನ್ ಬಿಚ್ಚಿ ಹೊರಗೆ ತೆಗೆದರೆ ಹಿಂದಿನ ಭಾರ ಒಮ್ಮೆಲೇ ಹೋಯಿತು. ಕಾರು ಮೂಗಿನ ಮೇಲೆ ಬೀಳಬಹುದು. ಭಾರದ ಭಾಗ ಬಿಚ್ಚುವ ಮೊದಲು 'ಇದು ಹೋದ ಮೇಲೆ ಕಾರು ಯಾವ ಕಡೆ ವಾಲುತ್ತದೆ' ಅಂತ ಕೇಳಿಕೊಳ್ಳಿ. ಸ್ಟ್ಯಾಂಡುಗಳನ್ನು ಆದಷ್ಟು ದೂರ ದೂರ ಇಡಿ.

ಕೆಲವು ತಂಡಗಳು ಸೊಂಟದೆತ್ತರದ ಸ್ಟ್ಯಾಂಡ್ ಮಾಡಿಕೊಳ್ಳುತ್ತವೆ. ಬಗ್ಗಿ ಬಗ್ಗಿ ಬೆನ್ನು ನೋಯುವುದು ತಪ್ಪುತ್ತದೆ, ಬೆಳಕೂ ಚೆನ್ನಾಗಿ ಬೀಳುತ್ತದೆ. ಎತ್ತರ ಏರಿದಷ್ಟೂ ಮಗುಚುವುದು ಸುಲಭ, ಹಾಗಾಗಿ ಅದರ ಬುಡ ಇನ್ನೂ ಅಗಲ ಇರಬೇಕು. ಅಲ್ಲಿಗೆ ಏರಿಸೋದು ಕೈಯಿಂದ ಬೇಡ. 250 ಕೆಜಿಯನ್ನು ನಾಲ್ವರು ಹಂಚಿಕೊಂಡರೂ ತಲೆಗೆ 60 ಕೆಜಿ ದಾಟುತ್ತದೆ, ಅದೂ ಹಿಡಿಯಲು ಸರಿಯಾದ ಜಾಗ ಇಲ್ಲದೆ. ಚೈನ್ ಕಪ್ಪಿಯೋ ಏರಿಳಿಯುವ ಮೇಜೋ ಬಳಸಬೇಕು.

ಪ್ಯಾಡಕ್‌ನಲ್ಲಿ

ಟ್ರ್ಯಾಕಿನ ಹಿಂದೆ ತಂಡಗಳು ಬೀಡು ಬಿಡುವ ಬಯಲಿಗೆ ಪ್ಯಾಡಕ್ ಅನ್ನುತ್ತಾರೆ. ಜಾತ್ರೆಯಲ್ಲಿ ಅಂಗಡಿ ಹಾಕಿದ ಹಾಗೆ ಸಾಲಾಗಿ ಡೇರೆ, ಅದರೊಳಗೆ ಕಾರು, ಪಾನಾ ಪೆಟ್ಟಿಗೆ, ಟೈರು. ಗ್ಯಾರೇಜಿನ ಸಮ ನೆಲ ಅಲ್ಲಿ ಸಿಗುತ್ತದೆ ಅಂತ ನಂಬಬೇಡಿ. ಬಿಸಿಲಿಗೆ ಡಾಂಬರು ಮೆತ್ತಗಾಗಿ ಸ್ಟ್ಯಾಂಡಿನ ಕಾಲು ಒಳಗಿಳಿಯುತ್ತದೆ. ನಮ್ಮ ಕಡೆ ಪ್ರಾಕ್ಟೀಸ್ ಮಾಡುವಾಗ ಇನ್ನೂ ಕಷ್ಟ. ಹುಬ್ಬಳ್ಳಿಯಿಂದ ಗದಗದವರೆಗೆ ಎರೆ ಮಣ್ಣು. ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ, ಬಿರುಕು. ಒಂದು ಮಳೆ ಬಿದ್ದರೆ ಉಬ್ಬಿ ಬೆಣ್ಣೆಯಂತೆ ಜಾರುತ್ತದೆ. ಬೆಳಿಗ್ಗೆ ಗಟ್ಟಿಯಿದ್ದ ಜಾಗ ಮಧ್ಯಾಹ್ನ ಮಳೆಯಾದ ಮೇಲೆ ಅದೇ ಜಾಗ ಅಲ್ಲ. ಹಾಗಾಗಿ ದಪ್ಪ ಪ್ಲೈವುಡ್ ಹಲಗೆಗಳನ್ನು ಕಾರಿನ ಜತೆಗೇ ಒಯ್ಯಬೇಕು. ಹಲಗೆ ಭಾರವನ್ನು ಅಗಲಕ್ಕೆ ಹಂಚುತ್ತದೆ, ಜಾಕಿನ ಗಾಲಿಗೆ ಉರುಳುವ ದಾರಿಯೂ ಆಗುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಎಂದೂ ಬೇಡ. ಅವು ಬಾಗಿ ಸೂಚನೆ ಕೊಡೋದಿಲ್ಲ, ಒಡೆದೇ ಹೋಗುತ್ತವೆ.

ಟಿವಿಯಲ್ಲಿ ಫಾರ್ಮುಲಾ ಒನ್ ನೋಡಿದವರು ಕೇಳಬಹುದು, ಅಲ್ಲಿ ಸ್ಟ್ಯಾಂಡ್ ಎಲ್ಲಿದೆ? 2023ರಲ್ಲಿ ಕತಾರ್‌ನಲ್ಲಿ ಮೆಕ್‌ಲಾರೆನ್ ತಂಡ 1.80 ಸೆಕೆಂಡಿನಲ್ಲಿ ನಾಲ್ಕೂ ಟೈರ್ ಬದಲಿಸಿತು. ಮುಂದೊಬ್ಬ ಹಿಂದೊಬ್ಬ ಜಾಕ್ ಹಿಡಿದು ಎತ್ತುತ್ತಾರೆ, ಇಳಿಸುತ್ತಾರೆ. ಆದರೆ ಅಲ್ಲಿ ಯಾರೂ ಕಾರಿನ ಕೆಳಗೆ ಹೋಗೋದಿಲ್ಲ. ಕೆಲಸವೆಲ್ಲ ಪಕ್ಕದಿಂದ. ಗಂಟೆಗಟ್ಟಲೆ ಓಡುವ ಎಂಡ್ಯೂರೆನ್ಸ್ ರೇಸುಗಳ ಎಷ್ಟೋ ಕಾರುಗಳಲ್ಲಿ ಜಾಕ್ ಕಾರಿನೊಳಗೇ ಇರುತ್ತದೆ. ಗಾಳಿಯ ಪೈಪ್ ಸಿಕ್ಕಿಸಿದರೆ ಕಾಲುಗಳು ಹೊರಬಂದು ಕಾರು ಎದ್ದು ನಿಲ್ಲುತ್ತದೆ. ಅದರ ಕೆಳಗೆ ಕೆಲಸ ಇದ್ದರೆ ಅವರೂ ಆ ಕಾಲುಗಳಿಗೆ ಲಾಕ್ ತೊಡಿಸುತ್ತಾರೆ, ಗಾಳಿ ಹೋದರೂ ಕಾರು ಕೂರಬಾರದು ಅಂತ.

ಇಳಿಸುವಾಗ

ಏರಿಸುವಾಗ ಇರುವ ಗಮನ ಇಳಿಸುವಾಗ ಇರೋದಿಲ್ಲ. ಕೆಲಸ ಮುಗಿದಿರುತ್ತದೆ, ಎಲ್ಲರಿಗೂ ಹೋಗುವ ಅವಸರ. ಒಬ್ಬರೇ ಹೇಳಬೇಕು, ಉಳಿದವರು ಕೇಳಬೇಕು. ಪಾನಾ, ಬಟ್ಟೆ, ಕೈ ಯಾವುದೂ ಕೆಳಗಿಲ್ಲ ಅಂತ ನೋಡಿ, ಜಾಕಿನಿಂದ ಮತ್ತೆ ಒಂಚೂರು ಎತ್ತಿ, ಆಗ ಸ್ಟ್ಯಾಂಡ್ ತೆಗೆದು, ನಿಧಾನವಾಗಿ ಇಳಿಸಬೇಕು. ಗಾಲಿಯ ನಟ್ಟುಗಳನ್ನು ಕೊನೆಯ ಬಿಗಿ ಮಾಡೋದು ಗಾಲಿ ನೆಲ ಮುಟ್ಟಿದ ಮೇಲೆ. ಗಾಳಿಯಲ್ಲಿ ಬಿಗಿ ಮಾಡಿದರೆ ಗಾಲಿ ತಿರುಗುತ್ತದೆ, ಕಾರೂ ಸ್ಟ್ಯಾಂಡಿನ ಮೇಲೆ ಕುಲುಕುತ್ತದೆ.

ಇಳಿಸಿದ ಕೂಡಲೇ ಕಾರಿನ ಎತ್ತರ ಅಳೆಯಲು ಹೋಗಬೇಡಿ. ಜೋತು ಬಿದ್ದಿದ್ದ ಗಾಲಿಗಳು ಒಳಗೆ ಸರಿದಿರುತ್ತವೆ. ನೆಲ ಮುಟ್ಟಿದಾಗ ಟೈರಿನ ಹಿಡಿತದಿಂದ ಹೊರಗೆ ಸರಿಯಲಾಗದೆ ಅಲ್ಲೇ ನಿಲ್ಲುತ್ತವೆ. ಕಾರು ಇರಬೇಕಾದ್ದಕ್ಕಿಂತ ಎತ್ತರ ಕಾಣುತ್ತದೆ. ಆವತ್ತು ಗೋಕುಲ ರೋಡಿನ ಶೆಡ್ಡಿನಲ್ಲಿ ಹೀಗೇ ಆಯಿತು. "ಮಾಮಾ, ಹಿಂದ ಎರಡು ಸೆಂಟಿಮೀಟರ್ ಜಾಸ್ತಿ ಬರಾಕತ್ತೈತಿ" ಅಂತ ಹುಡುಗ ಗಾಬರಿಯಾದ. ನಾಲ್ಕು ಜನ ಸೇರಿ ಕಾರನ್ನು ಒಂದೆರಡು ಮಾರು ಹಿಂದೆ, ಒಂದೆರಡು ಮಾರು ಮುಂದೆ ಉರುಳಿಸಿದೆವು. ಕಾರು ತನ್ನ ಜಾಗಕ್ಕೆ ಕೂತಿತು. ಮತ್ತೆ ಅಳೆದಾಗ ಅಳತೆ ಸರಿ ಬಂತು.